ಅಲ್ಯೂಮಿನಿಯಂ ಕ್ಯಾನಿನ ಮೇಲೆ ಚಿತ್ರ ಇಳಿಸಿದ ಬಗೆ: ನನ್ನ ಅನುಭವ

ತಂಪು ಪಾನೀಯದ ಖಾಲಿ ಕ್ಯಾನುಗಳ ಮೇಲೆ ಚಿತ್ರ ಇಳಿಸಲು ಹೊರಟಾಗ ಅದನ್ನು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವೆಂದೇ ನಾನು ಭಾವಿಸಿದ್ದೆ. ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಅಂಟಿನಂಥ ಅಕ್ರಿಲಿಕ್ ಜೆಲ್ಲಿನಿಂದ ಕ್ಯಾನಿಗೆ ಅಂಟಿಸಿ, ಒಣಗಿದ ಮೇಲೆ ಕಾಗದವನ್ನು ನೆನೆಸಿ ಉಜ್ಜಿ ತೆಗೆದರೆ ಚಿತ್ರ ಮಾತ್ರ ಕ್ಯಾನಿನ ಮೇಲೆ ಉಳಿಯುತ್ತದೆ, ಇದೇ ಚಿತ್ರ ಇಳಿಸುವುದು. ಈಗ ನನ್ನ ಮೇಜಿನ ಮೇಲಿರುವ 11 ಕ್ಯಾನುಗಳಲ್ಲಿ ನಾಲ್ಕನ್ನು ಮಾತ್ರ ಸಂಕೋಚವಿಲ್ಲದೆ ಬೇರೆಯವರ ಕೈಗೆ ಕೊಡಬಲ್ಲೆ. ಉಳಿದ ಏಳೂ ಒಂದೊಂದು ಬಗೆಯಲ್ಲಿ ಕೆಟ್ಟವು. ಅವು ಕೆಟ್ಟ ಕಾರಣಗಳನ್ನು ಹುಡುಕುತ್ತ ಹೋದಂತೆ, ಚಿತ್ರದ ಹಣೆಬರಹ ಹೆಚ್ಚಾಗಿ ಅದನ್ನು ಅಂಟಿಸುವ ಮೊದಲೇ, ಲೋಹದ ಮೈಯನ್ನು ಸಿದ್ಧಪಡಿಸುವಾಗಲೇ ತೀರ್ಮಾನವಾಗಿರುತ್ತದೆ ಎಂಬುದು ತಿಳಿಯಿತು.

ಪಾನೀಯದ ಕ್ಯಾನಿನ ಗೋಡೆ ಸುಮಾರು 0.1 ಮಿಲಿಮೀಟರಿನಷ್ಟು ತೆಳು, ಅಂದರೆ ನಾವು ಮುದ್ರಣಕ್ಕೆ ಬಳಸುವ ಸಾಮಾನ್ಯ ಕಾಗದದಷ್ಟೇ ದಪ್ಪ. ತುಂಬಿ ಮುಚ್ಚಿದ್ದಾಗ ಒಳಗಿನ ಅನಿಲದ ಒತ್ತಡ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಖಾಲಿಯಾದ ಮೇಲೆ ಹೆಬ್ಬೆರಳು ಒತ್ತಿದರೂ ನೆಗ್ಗುತ್ತದೆ. ನನ್ನ ಮೊದಲ ಕ್ಯಾನು ಉಜ್ಜುವಾಗಲೇ ಎರಡು ಕಡೆ ನೆಗ್ಗಿ, ಆ ತಗ್ಗುಗಳಲ್ಲಿ ಚಿತ್ರ ಹತ್ತಲೇ ಇಲ್ಲ. ಆಮೇಲಿನಿಂದ ಕ್ಯಾನನ್ನು ತೊಳೆದು ಒಣಗಿಸಿ, ಬಾಯಿಯ ಮೂಲಕ ಸಣ್ಣ ಒಣ ಮರಳನ್ನು ಸುರಿದು, ತಟ್ಟಿ ತಟ್ಟಿ ತುಂಬಿಸಿ, ಬಾಯಿಗೆ ಟೇಪು ಹಚ್ಚಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ. ಮರಳು ತುಂಬಿದ ಕ್ಯಾನು ಕೈಯಲ್ಲಿ ಕಲ್ಲಿನಂತೆ ಕೂರುತ್ತದೆ, ಎಷ್ಟು ಒತ್ತಿದರೂ ಅಳುಕುವುದಿಲ್ಲ.

ಸಾಮಾನ್ಯ ಗಾತ್ರದ ಕ್ಯಾನಿನ ವ್ಯಾಸ 66 ಮಿಲಿಮೀಟರ್, ಸುತ್ತಳತೆ ಸುಮಾರು 207 ಮಿಲಿಮೀಟರ್. ಎ4 ಹಾಳೆಯ ಅಗಲ 210 ಮಿಲಿಮೀಟರ್ ಇರುವುದನ್ನು ಕಂಡು, ಹಾಳೆ ಇದಕ್ಕೆಂದೇ ಹುಟ್ಟಿದೆ ಎಂದು ಹಿಗ್ಗಿದ್ದೆ. ಆದರೆ ಪ್ರಿಂಟರು ಎರಡೂ ಅಂಚಿನಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಡುತ್ತದೆ ಎಂಬುದು ಚಿತ್ರದ ಹಿಂಬದಿಯಲ್ಲಿ ಬೋಳು ಪಟ್ಟಿಯೊಂದು ಉಳಿದಾಗಲೇ ಹೊಳೆದದ್ದು. ಹಾಳೆಯನ್ನು ಅಡ್ಡಲಾಗಿ ಬಳಸಿದರೆ ಈ ತೊಂದರೆ ಇಲ್ಲ. ಚಿತ್ರದ ಎತ್ತರವನ್ನು ನೇರ ಗೋಡೆಯಷ್ಟಕ್ಕೇ ಮಿತಗೊಳಿಸಬೇಕು. ಕುತ್ತಿಗೆಯ ಹತ್ತಿರ ಕ್ಯಾನು ಎರಡು ದಿಕ್ಕಿನಲ್ಲಿ ಬಾಗುವುದರಿಂದ ಅಲ್ಲಿ ಕಾಗದ ಸುಕ್ಕುಗಟ್ಟದೆ ಕೂರುವುದಿಲ್ಲ.

ಕಾರ್ಖಾನೆಯ ಬಣ್ಣದ ಮೇಲೆ ಪಾರದರ್ಶಕವಾದ ನುಣುಪು ವಾರ್ನಿಷ್ ಇರುತ್ತದೆ, ಅದರ ಮೇಲೆ ಬೇರೆ ಯಾವುದೂ ನೆಟ್ಟಗೆ ಹತ್ತುವುದಿಲ್ಲ. ಬಣ್ಣವನ್ನು ಪೂರ್ತಿ ಕಿತ್ತುಹಾಕುವ ಅಗತ್ಯವಿಲ್ಲ. 320 ಅಥವಾ 400ನೇ ನಂಬರಿನ ಸ್ಯಾಂಡ್ ಪೇಪರನ್ನು ನೀರಿನಲ್ಲಿ ಅದ್ದಿ, ಹೊಳಪು ಹೋಗಿ ಮೈಯೆಲ್ಲ ಮಂಕಾಗುವವರೆಗೆ ಉಜ್ಜಿದರೆ ಸಾಕು. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಬಣ್ಣ ತಾನೇ ಬಿಡುತ್ತದೆ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಲೋಹವನ್ನೇ ತಿನ್ನುತ್ತದೆ, ಆಗ ವಿಪರೀತ ಶಾಖದೊಂದಿಗೆ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲ ಹೊರಬರುತ್ತದೆ, ಚರ್ಮಕ್ಕೂ ಕಣ್ಣಿಗೂ ಆ ಸೋಡಾ ಅಪಾಯಕಾರಿ. ಉಜ್ಜಿದ ಮೇಲೆ ಪಾತ್ರೆ ತೊಳೆಯುವ ಸಾಬೂನಿನಿಂದ ಒಮ್ಮೆ, ಜಿಡ್ಡು ಬಿಡಿಸುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಇನ್ನೊಮ್ಮೆ ಒರೆಸಿ, ಅಲ್ಲಿಂದಾಚೆಗೆ ಕ್ಯಾನನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ನನ್ನ ಮೂರನೆಯ ಕ್ಯಾನಿನಲ್ಲಿ ಸರಿಯಾಗಿ ಹೆಬ್ಬೆರಳಿನ ಆಕಾರದಲ್ಲಿ ಚಿತ್ರ ಕಿತ್ತುಬಂದಿದೆ, ಒರೆಸಿದ ಮೇಲೆ ನಾನೇ ಅಲ್ಲಿ ಹಿಡಿದಿದ್ದೆ.

ಇನ್ನು ಬಿಳಿಯ ಮಾತು. ನಮ್ಮ ಪ್ರಿಂಟರುಗಳಲ್ಲಿ ಬಿಳಿ ಬಣ್ಣವೆಂಬುದೇ ಇಲ್ಲ. ಚಿತ್ರದಲ್ಲಿ ನಾವು ಬಿಳಿಯೆಂದು ನೋಡುವುದು ಕಾಗದವನ್ನು. ಕಾಗದ ಹೋದ ಮೇಲೆ ಆ ಜಾಗದಲ್ಲಿ ತಳದಲ್ಲಿರುವುದೇ ಕಾಣುತ್ತದೆ. ಇದನ್ನು ಸರಿಯಾಗಿ ಗ್ರಹಿಸದೆ ನಾನು ಅಜ್ಜಿಯ ಕಪ್ಪು-ಬಿಳುಪು ಫೋಟೊವೊಂದನ್ನು ಬಣ್ಣವನ್ನೆಲ್ಲ ಉಜ್ಜಿ ತೆಗೆದ ಬರಿಯ ಲೋಹದ ಮೇಲೆ ಇಳಿಸಿದೆ. ಅವರ ನರೆಗೂದಲು ನಿಜಕ್ಕೂ ಬೆಳ್ಳಿಯಂತೆ ಬಂದು ಒಂದು ಕ್ಷಣ ಸಂತೋಷವೇ ಆಯಿತು, ಆದರೆ ಕಣ್ಣಿನ ಬಿಳಿಯೂ ಕೆನ್ನೆಯ ಬೆಳಕೂ ಅದೇ ಲೋಹವಾಗಿಬಿಟ್ಟಿದ್ದವು. ಕ್ಯಾನನ್ನು ಕಿಟಕಿಯತ್ತ ತಿರುಗಿಸಿದರೆ ಮುಖ ಹೊಳೆಯುತ್ತಿತ್ತು, ಇತ್ತ ತಿರುಗಿಸಿದರೆ ಕಪ್ಪಿಡುತ್ತಿತ್ತು. ಎರಡನೆಯ ಸಲ ಲೋಹಕ್ಕೆ ಹೊಂದುವ ಪ್ರೈಮರನ್ನು ತೆಳುವಾಗಿ ಹೊಡೆದು, ಅದು ಒಣಗಿದ ಮೇಲೆ ಬಿಳಿ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ಬಳಿದು, ಅದರ ಮೇಲೆ ಇಳಿಸಿದೆ. ಆಗ ಅವರು ಅವರಂತೆ ಕಂಡರು. ಎಲೆ, ಮೀನು, ಯಂತ್ರದ ಭಾಗಗಳಂಥ ಗೆರೆಚಿತ್ರಗಳಿಗೆ ಮಾತ್ರ ಬರಿಯ ಲೋಹವೇ ಚೆಂದವೆಂದು ಈಗಲೂ ನನ್ನ ಅಭಿಪ್ರಾಯ.

ಚಿತ್ರ ಲೇಸರ್ ಪ್ರಿಂಟಿನದೋ ಜೆರಾಕ್ಸಿನದೋ ಆಗಿರಬೇಕು. ಟೋನರ್ ಎಂಬುದು ಶಾಖಕ್ಕೆ ಕರಗಿ ಕಾಗದದ ಮೇಲೆ ಕೂತಿರುವ ಪ್ಲಾಸ್ಟಿಕ್ ಪುಡಿ, ನೀರಿಗೆ ಅದು ಜಗ್ಗುವುದಿಲ್ಲ. ಇಂಕ್‌ಜೆಟ್ಟಿನ ಶಾಯಿ ಬಹುಮಟ್ಟಿಗೆ ನೀರಿನಲ್ಲಿ ಹರಡುವಂಥದ್ದಾದ್ದರಿಂದ ಜೆಲ್ ತಾಗಿದೊಡನೆ ಕಲಸಿಹೋಗುತ್ತದೆ. ಮುದ್ರಿಸುವ ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಕೊಳ್ಳಬೇಕು. ಅಕ್ಷರಗಳಿದ್ದಾಗ ಇದು ಮರೆತರೆ ಏನಾಗುತ್ತದೆಂದು ನನ್ನ ಐದನೆಯ ಕ್ಯಾನನ್ನು ಕನ್ನಡಿಯ ಮುಂದೆ ಹಿಡಿದು ಓದಬಹುದು.

ಅಕ್ರಿಲಿಕ್ ಜೆಲ್ ಮೀಡಿಯಂ ಅನ್ನು ಕ್ಯಾನಿನ ಮೇಲೆ ಸಮನಾಗಿ ಬಳಿದು, ಮುದ್ರಣದ ಮುಖ ಒಳಗಾಗುವಂತೆ ಕಾಗದವನ್ನು ಒಂದು ಅಂಚಿನಿಂದ ಶುರುಮಾಡಿ ಕ್ಯಾನನ್ನೇ ಅದರ ಮೇಲೆ ಉರುಳಿಸುತ್ತ ಸುತ್ತುತ್ತೇನೆ. ಜೆಲ್ ತೀರ ತೆಳುವಾದರೆ ಅರ್ಧದಲ್ಲೇ ಒಣಗುತ್ತದೆ, ದಪ್ಪವಾದರೆ ಕಾಗದ ಜಾರುತ್ತದೆ. ಕೂತ ಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ಅನಂತರ ಮುಟ್ಟದೆ ಬಿಡಬೇಕು. ಮರದ ಮೇಲೆ ಇದೇ ಕೆಲಸ ಮಾಡಿದವರು ಇಲ್ಲಿ ಮೋಸಹೋಗುವುದು ಸಹಜ: ಮರವಾದರೆ ತೇವವನ್ನು ತಾನೂ ಕುಡಿಯುತ್ತದೆ, ಲೋಹ ಒಂದು ಹನಿಯನ್ನೂ ಹೀರದೆ ಅಷ್ಟೂ ತೇವ ಕಾಗದದ ಮೂಲಕವೇ ಹೊರಹೋಗಬೇಕು. ನಾನು ಈಗ ಪೂರ್ತಿ 24 ಗಂಟೆ ಕಾಯುತ್ತೇನೆ, ಮೋಡ ಕವಿದ ದಿನಗಳಲ್ಲಿ ಎರಡು ದಿನ.

ಕಾಗದ ಬಿಡಿಸುವುದೇ ಈ ಕೆಲಸದ ಜೀವಾಳ. ಒದ್ದೆ ಸ್ಪಂಜನ್ನು ಎರಡು ಮೂರು ನಿಮಿಷ ಒತ್ತಿ ಹಿಡಿದರೆ ಕಾಗದ ಬೂದುಬಣ್ಣಕ್ಕೆ ತಿರುಗಿ, ಅದರ ಹಿಂದಿನಿಂದ ಚಿತ್ರ ಮಸುಕಾಗಿ ಮೂಡತೊಡಗುತ್ತದೆ. ಉಗುರು ತಾಗಿಸದೆ, ಬೆರಳಿನ ಮೆತ್ತನೆಯ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ಉಜ್ಜಿದಂತೆ ಕಾಗದ ಎಳೆಎಳೆಯಾಗಿ ಸುರುಳಿಗಟ್ಟಿ, ಹೊಸೆದ ಬತ್ತಿಯಂತೆ ಬೆರಳಿಗೆ ಅಂಟುತ್ತ ಬರುತ್ತದೆ. ಚಿತ್ರ ಪೂರ್ತಿ ಕಾಣುತ್ತಿದೆ, ಮುಗಿಯಿತು ಎನ್ನಿಸುವುದು ಈಗಲೇ. ಆದರೆ ಅದು ಒಣಗಿದ ಅರ್ಧ ಗಂಟೆಯಲ್ಲಿ ಉಳಿದ ನಾರುಗಳು ಬೆಳ್ಳಗಾಗಿ, ಸುಣ್ಣ ಬಳಿದಂತೆ ಮಬ್ಬು ಆವರಿಸುತ್ತದೆ. ಮತ್ತೆ ಒದ್ದೆ ಮಾಡಿ, ಮತ್ತೆ ಉಜ್ಜಿ, ಮತ್ತೆ ಒಣಗಲು ಬಿಡಬೇಕು. ನಾನು ಇದನ್ನು ಮೂರು ನಾಲ್ಕು ಸಲ ಮಾಡುತ್ತೇನೆ. ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯುವ ಆತುರದಲ್ಲಿ ನೆನೆದು ಮೆತ್ತಗಾದ ಜೆಲ್ಲನ್ನೂ ಕೆದಕಿ, ಎರಡು ಕ್ಯಾನುಗಳಲ್ಲಿ ಚಿತ್ರವನ್ನೇ ಅಳಿಸಿದ್ದೇನೆ. ಕೊನೆಯ ತೆಳು ಮಬ್ಬಿನ ಜೊತೆ ಹೋರಾಡದೆ ಬಿಡುವುದು ಲೇಸು. ವಾರ್ನಿಷ್ ಹಚ್ಚಿದಾಗ ಅದು ನಾರುಗಳ ನಡುವೆ ಇಳಿದು ಮಬ್ಬು ಬಹಳಷ್ಟು ಕರಗುತ್ತದೆ.

ವಾರ್ನಿಷನ್ನು ಎರಡು ತೆಳು ಪದರಗಳಾಗಿ ಹಚ್ಚುತ್ತೇನೆ. ಹೀಗೆ ಮಾಡಿದ ಕ್ಯಾನಿನಿಂದ ಏನನ್ನೂ ಕುಡಿಯಬಾರದು, ಅದನ್ನು ನೀರಿನಲ್ಲಿ ನೆನೆಯಲು ಬಿಡಬಾರದು. ಕಸದ ಬುಟ್ಟಿ ಸೇರಬೇಕಿದ್ದದ್ದನ್ನು ಉಳಿಸಿದೆನೆಂದು ಬೀಗುವಂತೆಯೂ ಇಲ್ಲ, ಏಕೆಂದರೆ ಹಳೆಯ ಕ್ಯಾನನ್ನು ಕರಗಿಸಿ ಮರುಬಳಸಿದರೆ ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ. 95ರಷ್ಟು ಉಳಿಯುತ್ತದೆ. ಆದುದರಿಂದ ಕೆಟ್ಟ ಆ ಏಳು ಕ್ಯಾನುಗಳಲ್ಲಿ ಆರನ್ನು ಒಳಗಿನ ಮರಳನ್ನು ಹೊರಚೆಲ್ಲಿ ಗುಜರಿಗೆ ಹಾಕಲಿದ್ದೇನೆ. ಬರಿಯ ಲೋಹದ ಮೇಲಿರುವ ಅಜ್ಜಿಯ ಕ್ಯಾನು ಮಾತ್ರ ಕಿಟಕಿಯ ಬಳಿಯೇ ಇರಲಿ, ಸಂಜೆಯ ಬಿಸಿಲು ಬಿದ್ದಾಗ ಆ ಕೂದಲು ಹೊಳೆಯುತ್ತದೆ.