ಅಂದಾಜುಗಳನ್ನು ಬರೆದಿಡುವ ವೃತ್ತಿ: ಹವಾಮಾನ ಸಲಹಾ ಸಂಸ್ಥೆಯೊಂದರಲ್ಲಿ ನನ್ನ ಅನುಭವ

ಹವಾಮಾನ ಸಲಹಾ ಸಂಸ್ಥೆಯಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ನಾನು ಲೆಕ್ಕಪತ್ರದ ಕೆಲಸ ಎಂದೇ ಉತ್ತರಿಸುತ್ತೇನೆ. ಕಾಡು, ಸಮುದ್ರ, ಹಿಮನದಿಗಳ ಮಾತನ್ನು ನಿರೀಕ್ಷಿಸಿದ್ದವರಿಗೆ ಇದು ಸ್ವಲ್ಪ ನಿರಾಸೆಯ ಉತ್ತರವೇ ಸರಿ. ಆದರೆ ನಮ್ಮ ದಿನದ ಬಹುಪಾಲು ಕಳೆಯುವುದು ಕಂಪನಿಗಳ ಇಂಧನ ಬಿಲ್ಲು, ವಿದ್ಯುತ್ ಬಿಲ್ಲು, ಸಾಗಣೆ ದಾಖಲೆ, ಖರೀದಿ ಪಟ್ಟಿಗಳನ್ನು ಒಟ್ಟುಗೂಡಿಸಿ ಅವುಗಳಿಂದ ಹಸಿರುಮನೆ ಅನಿಲಗಳ ಲೆಕ್ಕ ತೆಗೆಯುವುದರಲ್ಲಿ. ಈ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚೌಕಟ್ಟು ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್. ಅದರ ಕಾರ್ಪೊರೇಟ್ ಮಾನದಂಡ ಮೊದಲು 2001ರಲ್ಲಿ ಪ್ರಕಟವಾಯಿತು, 2004ರಲ್ಲಿ ಪರಿಷ್ಕೃತಗೊಂಡಿತು. ಕಂಪನಿಯ ಸ್ವಂತ ಬಾಯ್ಲರು, ವಾಹನಗಳಿಂದ ಹೊರಬೀಳುವುದು ಸ್ಕೋಪ್ 1. ಕೊಂಡ ವಿದ್ಯುತ್ತಿನದು ಸ್ಕೋಪ್ 2. ಪೂರೈಕೆದಾರರಿಂದ ಹಿಡಿದು ಮಾರಿದ ವಸ್ತುವಿನ ವಿಲೇವಾರಿಯವರೆಗೆ ಉಳಿದದ್ದೆಲ್ಲವೂ 15 ವರ್ಗಗಳ ಸ್ಕೋಪ್ 3.

ನಾನು ಸೇರಿದಾಗ ಸಂಸ್ಥೆ ಚಿಕ್ಕದಾಗಿತ್ತು. ಯಾವ ಕಂಪನಿಯ ಲೆಕ್ಕದಲ್ಲಿ ಯಾವ ಅಂದಾಜು ಬಳಸಲಾಗಿದೆ ಎಂಬುದು ಅದನ್ನು ಮಾಡಿದವರ ತಲೆಯಲ್ಲಿರುತ್ತಿತ್ತು, ಪಕ್ಕದ ಮೇಜಿಗೆ ಹೋಗಿ ಕೇಳಿದರೆ ಸಾಕಾಗುತ್ತಿತ್ತು. 2021ರ ನಂತರ ಪರಿಸ್ಥಿತಿ ಬದಲಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್ ತನ್ನ ನೆಟ್ ಝೀರೋ (ನಿವ್ವಳ ಶೂನ್ಯ ಹೊರಸೂಸುವಿಕೆ) ಮಾನದಂಡವನ್ನು ಹೊರತಂದಿತು, ನವೆಂಬರ್‌ನಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನ ನಡೆಯಿತು, ಅದರ ಬೆನ್ನಿಗೇ ಕಂಪನಿಗಳ ಸುಸ್ಥಿರತೆಯ ಬಗೆಗಿನ ಯುರೋಪಿನ ವರದಿಗಾರಿಕೆ ನಿಯಮಗಳ ಸಿದ್ಧತೆ ಆರಂಭವಾಯಿತು. ಕೆಲಸ ಹರಿದು ಬಂದಷ್ಟೇ ವೇಗವಾಗಿ ಜನರೂ ಸೇರಿಕೊಂಡರು. ಬೇರೆ ಬೇರೆ ಖಂಡಗಳಲ್ಲಿ ತಂಡಗಳು ಹುಟ್ಟಿಕೊಂಡವು. ಪಕ್ಕದ ಮೇಜು ಎಂಬುದೇ ಇಲ್ಲದಾಯಿತು, ಆದರೆ ಅಂದಾಜುಗಳು ಮಾತ್ರ ಹಿಂದಿನಂತೆಯೇ ಯಾರದೋ ತಲೆಯಲ್ಲಿ ಉಳಿದವು. ಬೆಳೆಯುತ್ತಿರುವ ಸಂಸ್ಥೆಯ ಸಂಸ್ಕೃತಿಯ ಬಗ್ಗೆ ಗೋಡೆಯ ಮೇಲೆ ಬರೆಯುವ ಮಾತುಗಳು ಹಲವಿವೆ. ನನ್ನ ಮಟ್ಟಿಗೆ ಆ ಸಂಸ್ಕೃತಿಯ ಪರೀಕ್ಷೆ ನಡೆಯುವುದು ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ತೆರೆದು ನೋಡುವ ಗಳಿಗೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಗ್ರಾಹಕ ಸಂಸ್ಥೆಯೊಂದರ ಘಟಕದಿಂದ ಜನರೇಟರ್‌ಗೆ ಬಳಸಿದ ಡೀಸೆಲ್ ಪ್ರಮಾಣ ಗ್ಯಾಲನ್‌ಗಳಲ್ಲಿ ಬಂದಿತ್ತು. ಹೊಸದಾಗಿ ಸೇರಿದ ಅನಲಿಸ್ಟ್ ಅದನ್ನು ಅಮೆರಿಕದ ಗ್ಯಾಲನ್ ಎಂದು ತಿಳಿದು 3.785ರಿಂದ ಗುಣಿಸಿ ಲೀಟರಿಗೆ ತಂದಿದ್ದರು. ಬ್ರಿಟಿಷ್ ಪದ್ಧತಿಯ ಗ್ಯಾಲನ್ ಎಂದಾದರೆ ಅದು 4.546 ಲೀಟರ್, ಅಂದರೆ ಶೇ. 20ರಷ್ಟು ಹೆಚ್ಚು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಹಿಡಿದರೆ, 10,000 ಗ್ಯಾಲನ್‌ಗೆ ಒಂದು ಲೆಕ್ಕದಲ್ಲಿ ಸುಮಾರು 101 ಟನ್, ಇನ್ನೊಂದರಲ್ಲಿ ಸುಮಾರು 122 ಟನ್ ಆಗುತ್ತದೆ. ಹಾಳೆಯಲ್ಲಿ ಎರಡೂ ಅಷ್ಟೇ ಅಚ್ಚುಕಟ್ಟಾಗಿ ಕಾಣುತ್ತವೆ, ಯಾವ ಸೂತ್ರವೂ ತಪ್ಪೆಂದು ಕಂಪ್ಯೂಟರ್ ಹೇಳುವುದಿಲ್ಲ. ಪರಿಹಾರ ಸಿಕ್ಕಿದ್ದು ಇಂಧನ ಪೂರೈಕೆದಾರನ ರಸೀದಿಯಲ್ಲಿ. ಗ್ಯಾಲನ್ ಸಂಖ್ಯೆಯ ಕೆಳಗೆ ಸಣ್ಣಕ್ಷರದಲ್ಲಿ ಲೀಟರ್ ಕೂಡ ಮುದ್ರಿತವಾಗಿತ್ತು, ಭಾಗಿಸಿ ನೋಡಿದಾಗ ಬ್ರಿಟಿಷ್ ಗ್ಯಾಲನ್ ಎಂಬುದು ಖಚಿತವಾಯಿತು. ರಸೀದಿ ತರಿಸಿಕೊಳ್ಳಬೇಕೆಂಬ ಯೋಚನೆ ಬಂದದ್ದು ಮಾತ್ರ, ಹಾಳೆಯ ಪಕ್ಕದಲ್ಲಿ ಆ ಅನಲಿಸ್ಟ್ ‘ಅಮೆರಿಕದ ಗ್ಯಾಲನ್ ಎಂದು ಭಾವಿಸಲಾಗಿದೆ’ ಎಂಬ ಒಂದು ಸಾಲನ್ನು ಬರೆದಿಟ್ಟಿದ್ದರಿಂದ.

ಆ ಒಂದು ಸಾಲನ್ನು ನಾನು ನಮ್ಮ ತಂಡದ ನಿಯಮವನ್ನಾಗಿ ಮಾಡಿದೆ. ಪ್ರತಿ ಇನ್ವೆಂಟರಿಯ, ಅಂದರೆ ಕಂಪನಿಯೊಂದರ ಹಸಿರುಮನೆ ಅನಿಲಗಳ ಪೂರ್ಣ ಲೆಕ್ಕದ ಜೊತೆ ಅಂದಾಜುಗಳ ದಾಖಲೆ ಎಂಬ ಪ್ರತ್ಯೇಕ ಹಾಳೆ ಇರಬೇಕು, ಅದರಲ್ಲಿ ಏನನ್ನು ಭಾವಿಸಿದ್ದೇವೆ, ಏಕೆ, ಅದು ತಪ್ಪಾದರೆ ಒಟ್ಟು ಮೊತ್ತ ಎಷ್ಟು ಬದಲಾಗುತ್ತದೆ, ಖಚಿತಪಡಿಸಿಕೊಳ್ಳಲು ಯಾರನ್ನು ಯಾವ ದಿನ ಕೇಳಿದ್ದೇವೆ ಎಂಬ ನಾಲ್ಕು ವಿಷಯಗಳಿರಬೇಕು. ಪರಿಶೀಲಿಸುವವರು ಲೆಕ್ಕ ಮಾಡಿದವರಿಗೆ ಫೋನ್ ಮಾಡದೆಯೇ ಪೂರ್ಣ ಲೆಕ್ಕವನ್ನು ಮತ್ತೆ ಕಟ್ಟಲು ಸಾಧ್ಯವಾಗಬೇಕು ಎಂಬುದು ಅಳತೆಗೋಲು. ಹೇಳುವಷ್ಟು ಸುಲಭವಾಗಿ ಇದು ಜಾರಿಗೆ ಬರಲಿಲ್ಲ. ಸಲಹಾ ಸಂಸ್ಥೆಯಲ್ಲಿ ಪ್ರತಿ ಗಂಟೆಯೂ ಟೈಮ್‌ಶೀಟ್‌ಗೆ ಹೋಗುತ್ತದೆ, ಗ್ರಾಹಕರಿಗೆ ಬಿಲ್ ಮಾಡಲಾಗದ ಗಂಟೆಯನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ದಾಖಲೆ ಬರೆಯುವ ಸಮಯವನ್ನು ಯಾವ ಕೋಡ್‌ಗೆ ಹಾಕಬೇಕೆಂದು ಕಿರಿಯರು ಕೇಳತೊಡಗಿದಾಗ, ಪ್ರಪೋಸಲ್ ಬರೆಯುವ ಹಂತದಲ್ಲೇ ಪರಿಶೀಲನೆ ಮತ್ತು ದಾಖಲೆಯ ಗಂಟೆಗಳನ್ನು ಬೇರೆ ಸಾಲಾಗಿ ತೋರಿಸುವಂತೆ ವ್ಯವಸ್ಥಾಪಕರನ್ನು ಒಪ್ಪಿಸಬೇಕಾಯಿತು. ಗ್ರಾಹಕರು ಆ ಸಾಲನ್ನು ಕಡಿತಗೊಳಿಸುವಂತೆ ಕೇಳುವುದುಂಟು. ಆಗ ಕೆಲಸದ ವ್ಯಾಪ್ತಿಯನ್ನೇ ಕುಗ್ಗಿಸಿ ಆ ಸಾಲನ್ನು ಉಳಿಸಿಕೊಳ್ಳುವುದು ನನ್ನ ರೂಢಿ.

ಎಲ್ಲ ಅಂದಾಜುಗಳೂ ಸಮಾನ ತೂಕದವಲ್ಲ ಎಂಬುದನ್ನು ತಂಡಕ್ಕೆ ಮನವರಿಕೆ ಮಾಡಲು ನಾನು ಹವಾನಿಯಂತ್ರಣ ಯಂತ್ರಗಳ ಅನಿಲವನ್ನು ಬಳಸುತ್ತೇನೆ. ಆರ್-410ಎ ಎಂಬ ಅನಿಲಕ್ಕೆ ಭೂಮಿಯನ್ನು ಬಿಸಿಯಾಗಿಸುವ ಸಾಮರ್ಥ್ಯ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ನಾಲ್ಕನೇ ಮೌಲ್ಯಮಾಪನ ವರದಿಯ ಪ್ರಕಾರ, ಕಾರ್ಬನ್ ಡೈಆಕ್ಸೈಡ್‌ನ 2,088 ಪಟ್ಟು. ದುರಸ್ತಿಯ ವೇಳೆ 10 ಕಿಲೋಗ್ರಾಂ ಮರುಭರ್ತಿ ಮಾಡಿದರು ಎಂದರೆ ಅಷ್ಟೇ ಅನಿಲ ಸೋರಿಹೋಗಿದೆ ಎಂದರ್ಥ, ಅದು ಸುಮಾರು 21 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಅಷ್ಟಾಗಬೇಕಾದರೆ 7,700 ಲೀಟರ್‌ಗಿಂತ ಹೆಚ್ಚು ಡೀಸೆಲ್ ಉರಿಯಬೇಕು. ಡೀಸೆಲ್ ರಸೀದಿಗಳನ್ನು ಕಂಪನಿಗಳು ಜೋಪಾನವಾಗಿ ಇಡುತ್ತವೆ, ಏಕೆಂದರೆ ಅಲ್ಲಿ ಹಣವಿದೆ. ಅನಿಲ ಮರುಭರ್ತಿಯ ಚೀಟಿ ಮಾತ್ರ ದುರಸ್ತಿಗೆ ಬಂದ ಗುತ್ತಿಗೆದಾರನ ಬ್ಯಾಗಿನಲ್ಲಿ ಉಳಿದುಹೋಗಿರುತ್ತದೆ. ಆದ್ದರಿಂದ ಕಚೇರಿಯ ಕಾಗದ ಬಳಕೆಯ ಬಗ್ಗೆ ಹತ್ತು ಇಮೇಲ್ ಬರೆಯುವ ಮೊದಲು ಆ ಗುತ್ತಿಗೆದಾರನ ಚೀಟಿ ಹುಡುಕಿಸಿ ಎಂದು ಹೇಳುತ್ತೇನೆ. ಯಾವ ವರದಿಯ ಸಂಖ್ಯೆ ಬಳಸಿದ್ದೇವೆ ಎಂಬುದನ್ನೂ ದಾಖಲೆಯಲ್ಲಿ ಬರೆಯಬೇಕು. ಐಪಿಸಿಸಿಯ ವರದಿಯಿಂದ ವರದಿಗೆ ಈ ಸಂಖ್ಯೆಗಳು ಬದಲಾಗುತ್ತವೆ. ಮೀಥೇನ್‌ನ ಅಂಕಿ ನಾಲ್ಕನೆಯದರಲ್ಲಿ 25 ಇದ್ದದ್ದು ಐದನೆಯದರಲ್ಲಿ 28 ಆಯಿತು. ವರದಿ ಬದಲಾಯಿಸಿದ ವರ್ಷ ಕಂಪನಿಯ ಲೆಕ್ಕ ಏರಿದರೆ, ಕಾರ್ಖಾನೆಯಲ್ಲಿ ಏನೂ ಬದಲಾಗಿಲ್ಲವೆಂದು ವಿವರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಹಲವು ಕಾಲವಲಯಗಳಲ್ಲಿ ಹಂಚಿಹೋದ ತಂಡಕ್ಕೆ ಮೊದಮೊದಲು ಎಲ್ಲದಕ್ಕೂ ವಿಡಿಯೋ ಸಭೆಯೇ ಪರಿಹಾರವೆಂದು ತೋರಿತ್ತು. ಫಲವಾಗಿ ಒಂದೇ ಭಾಗದ ಜನ ಪ್ರತಿ ವಾರವೂ ರಾತ್ರಿ ಊಟ ಬಿಟ್ಟು ಕೂರಬೇಕಾಗುತ್ತಿತ್ತು. ಸಭೆಯ ಸಮಯವನ್ನು ಸರದಿಯಂತೆ ಬದಲಾಯಿಸಿದೆವು. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು, ತೀರ್ಮಾನಗಳನ್ನು ಲಿಖಿತವಾಗಿಯೇ ತೆಗೆದುಕೊಳ್ಳುವ ಪದ್ಧತಿ. ಪ್ರಶ್ನೆಯನ್ನು ಮೊದಲು ಬರೆದು ಕಳುಹಿಸಬೇಕು, ಒಂದು ದಿನದೊಳಗೆ ಎಲ್ಲರೂ ಅಭಿಪ್ರಾಯ ಬರೆಯಬೇಕು, ಸಭೆ ಬೇಕಿದ್ದರೆ ಆಮೇಲೆ. ಇದರಿಂದ ಅನಿರೀಕ್ಷಿತವಾದ ಲಾಭವೊಂದಾಯಿತು. ಸಭೆಗಳಲ್ಲಿ ಇಂಗ್ಲಿಷನ್ನು ಹುಟ್ಟಿನಿಂದ ಮಾತನಾಡುವವರ ದನಿಯೇ ಜೋರಾಗಿರುತ್ತಿತ್ತು, ಉಳಿದವರು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತಿತ್ತು. ಬರವಣಿಗೆಯಲ್ಲಿ ಆ ಅಂತರ ಬಹಳ ಮಟ್ಟಿಗೆ ಕರಗಿತು, ಮೌನವಾಗಿದ್ದವರಲ್ಲೇ ಅತ್ಯಂತ ಚುರುಕಾದ ಪರಿಶೀಲಕರಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಗ್ರಾಹಕರಿಗೆ ಇಲ್ಲ ಎನ್ನುವುದು ಈ ವೃತ್ತಿಯ ಕಷ್ಟದ ಭಾಗ. ಸ್ಕೋಪ್ 2ಕ್ಕೆ 2015ರ ಮಾರ್ಗಸೂಚಿ ಎರಡು ವಿಧಾನಗಳನ್ನು ಹೇಳುತ್ತದೆ: ಆ ಪ್ರದೇಶದ ಗ್ರಿಡ್‌ನ ಸರಾಸರಿಯಂತೆ ಒಂದು, ಕಂಪನಿ ಮಾಡಿಕೊಂಡ ಒಪ್ಪಂದ ಮತ್ತು ಪ್ರಮಾಣಪತ್ರಗಳಂತೆ ಇನ್ನೊಂದು. ನವೀಕರಿಸಬಹುದಾದ ಶಕ್ತಿಯ ಪ್ರಮಾಣಪತ್ರ ಕೊಂಡರೆ ಎರಡನೆಯದು ಸೊನ್ನೆಗಿಳಿಯಬಹುದು, ಮೊದಲನೆಯದು ಕದಲದೇ ಇರಬಹುದು. ಇಂಥ ಪ್ರಮಾಣಪತ್ರಗಳು ಸಿಗುವ ಮಾರುಕಟ್ಟೆಗಳಲ್ಲಿ ಎರಡನ್ನೂ ವರದಿಯಲ್ಲಿ ತೋರಿಸಬೇಕೆಂಬುದೇ ನಿಯಮ, ಆದರೂ ಪ್ರಚಾರ ವಿಭಾಗದವರು ಸೊನ್ನೆಯನ್ನಷ್ಟೇ ಇಷ್ಟಪಡುತ್ತಾರೆ. ಹಾಗೆಯೇ ಬೇರೆಡೆ ಅನಿಲ ತಗ್ಗಿಸಿದ್ದರ ಪತ್ರವಾದ ಕಾರ್ಬನ್ ಕ್ರೆಡಿಟ್ ಕೊಂಡು ಉತ್ಪನ್ನವನ್ನು ‘ಕಾರ್ಬನ್ ನ್ಯೂಟ್ರಲ್’ ಎಂದು ಬಿಂಬಿಸುವುದನ್ನು ಯುರೋಪಿಯನ್ ಒಕ್ಕೂಟ 2024ರ ನಿರ್ದೇಶನವೊಂದರಲ್ಲಿ ನಿಷೇಧಿಸಿದೆ. ಅದು 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುವಂಥದ್ದು. ಕಾನೂನು ಬರುವ ಮೊದಲೇ ನಾವು ಅಂಥ ವಾಕ್ಯಗಳನ್ನು ಬರೆದುಕೊಡುವುದನ್ನು ನಿಲ್ಲಿಸಿದ್ದೆವು, ಅದರಿಂದ ಕೆಲವು ಗ್ರಾಹಕರು ಬೇರೆಡೆ ಹೋದರು. ಮಾರಾಟ ತಂಡದ ಗೊಣಗಾಟ ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ಗುರಿ ಮುಟ್ಟದಿದ್ದರೆ ಬೆಲೆ ತೆರುವವರು ಅವರೇ. ಹಾಗಾಗಿ ಇಂಥ ಗ್ರಾಹಕರನ್ನು ಬಿಡುವ ತೀರ್ಮಾನ ವ್ಯಕ್ತಿಯ ಮೇಲೆ ಬೀಳದೆ ಸಂಸ್ಥೆಯ ಮೇಲೆ ಬೀಳುವಂತೆ, ಅಂಥ ಪ್ರಕರಣಗಳನ್ನು ಅವರ ಮಾರಾಟದ ಗುರಿಯ ಲೆಕ್ಕದಿಂದ ಕೈಬಿಡುವ ವ್ಯವಸ್ಥೆ ಮಾಡಿಸಿದೆವು.

ದುಡಿಮೆಯ ಗಂಟೆಗಳ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಇಲ್ಲಿಗೆ ಬರುವ ಹೆಚ್ಚಿನವರು ಭೂಮಿಗಾಗಿ ಏನಾದರೂ ಮಾಡಬೇಕೆಂಬ ಹಂಬಲದಿಂದ ಬಂದವರು, ಅಂಥವರಿಂದ ರಾತ್ರಿ ಹನ್ನೊಂದರವರೆಗೆ ಕೆಲಸ ತೆಗೆಯುವುದು ಬಹಳ ಸುಲಭ. ಕೇಳಬೇಕಾದ ಅಗತ್ಯವೂ ಇರುವುದಿಲ್ಲ, ಅವರಾಗಿಯೇ ಕೂರುತ್ತಾರೆ. ವರದಿಗಳ ಗಡುವು ಒಟ್ಟೊಟ್ಟಿಗೆ ಬರುವ ತಿಂಗಳುಗಳಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. ಧ್ಯೇಯ ದೊಡ್ಡದು ಎಂಬ ಕಾರಣಕ್ಕೆ ಕಡಿಮೆ ಜನರಿಂದ ಹೆಚ್ಚು ಕೆಲಸ ಮಾಡಿಸುವುದನ್ನು ನಾನು ಅಪ್ರಾಮಾಣಿಕತೆ ಎಂದೇ ಕರೆಯುತ್ತೇನೆ. ಟೈಮ್‌ಶೀಟ್‌ನಲ್ಲಿ ನಿಜವಾದ ಗಂಟೆಗಳನ್ನೇ ಬರೆಯಿರಿ ಎಂದು ನನ್ನ ತಂಡಕ್ಕೆ ಪಟ್ಟು ಹಿಡಿದು ಹೇಳಿದ್ದು ಇದೇ ಕಾರಣಕ್ಕೆ. ಒಳ್ಳೆಯ ಮನಸ್ಸಿನಿಂದ ಮುಚ್ಚಿಟ್ಟ ಗಂಟೆಗಳು ಮುಂದಿನ ಪ್ರಪೋಸಲ್‌ನ ದರವನ್ನು ಇಳಿಸುತ್ತವೆ, ಆ ದರದಲ್ಲಿ ಮತ್ತೆ ಅವರೇ ದುಡಿಯಬೇಕಾಗುತ್ತದೆ.

ಸಂಸ್ಥೆಯ ಬೆಳವಣಿಗೆಯು ನಿಯಮಗಳನ್ನು ನೆಚ್ಚಿಕೊಂಡಿದ್ದರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ಕಂಡೆವು. ಫೆಬ್ರವರಿಯಲ್ಲಿ ಯುರೋಪಿಯನ್ ಆಯೋಗ ಸುಸ್ಥಿರತಾ ವರದಿಗಾರಿಕೆಯ ನಿಯಮಗಳನ್ನು ಸಡಿಲಿಸುವ ಪ್ರಸ್ತಾಪ ಮುಂದಿಟ್ಟಿತು, ಏಪ್ರಿಲ್‌ನಲ್ಲಿ ಇನ್ನೂ ವರದಿ ಆರಂಭಿಸದಿದ್ದ ಕಂಪನಿಗಳ ಗಡುವನ್ನು ಎರಡು ವರ್ಷ ಮುಂದೂಡಲಾಯಿತು. ಆ ಕೆಲಸಕ್ಕೆಂದೇ ಸೇರಿಸಿಕೊಂಡಿದ್ದ ಜನರ ಕೈ ಖಾಲಿಯಾಯಿತು. ನಿಯಮಗಳ ಪಠ್ಯವನ್ನಷ್ಟೇ ಬಲ್ಲವರಿಗೆ ಬೇರೆ ಕೆಲಸ ಒದಗಿಸುವುದು ಕಷ್ಟವಾಯಿತು. ಇನ್ವೆಂಟರಿಯ ಮೂಲ ಲೆಕ್ಕ ಬಲ್ಲವರು, ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮೊದಲಾದ ಸರಕುಗಳ ಮೇಲಿನ ಯುರೋಪಿನ ಕಾರ್ಬನ್ ಗಡಿ ತೆರಿಗೆಯ ಲೆಕ್ಕಕ್ಕೆ ಸುಲಭವಾಗಿ ಹೊರಳಿಕೊಂಡರು.

ಆದ್ದರಿಂದ ಈಗ ಹೊಸಬರು ಬಂದಾಗ ನಿಯಮಗಳ ಪಾಠದಿಂದ ಆರಂಭಿಸುವುದಿಲ್ಲ. ಹಿಂದಿನ ವರ್ಷ ಮುಗಿಸಿದ ಒಂದು ಇನ್ವೆಂಟರಿಯ ಮೂಲ ಡೇಟಾ ಮತ್ತು ಅಂದಾಜುಗಳ ದಾಖಲೆಯನ್ನು ಕೊಟ್ಟು, ಗ್ರಾಹಕರ ಹೆಸರು ಮತ್ತು ಅಂತಿಮ ಮೊತ್ತವನ್ನು ಮುಚ್ಚಿಟ್ಟು, ಲೆಕ್ಕವನ್ನು ಮೊದಲಿನಿಂದ ಕಟ್ಟಿ ಎನ್ನುತ್ತೇವೆ. ಅವರ ಮೊತ್ತ ನಮ್ಮದರೊಂದಿಗೆ ಹೊಂದದಿದ್ದರೆ ಮೊದಲು ನೋಡುವುದು ನಮ್ಮ ದಾಖಲೆಯನ್ನು. ಹೆಚ್ಚಿನವರು ತಡವರಿಸುವುದು ಸ್ಕೋಪ್ 3ರ ಮೊದಲ ವರ್ಗವಾದ ಸರಕು ಮತ್ತು ಸೇವೆಗಳ ಖರೀದಿಯಲ್ಲಿ. ಅಲ್ಲಿ ತೂಕದ ಮಾಹಿತಿ ಸಿಗದಾಗ ಖರ್ಚಿನ ಮೊತ್ತಕ್ಕೆ, ಇಷ್ಟು ಖರ್ಚಿಗೆ ಇಷ್ಟು ಅನಿಲ ಎಂದು ಹೇಳುವ ಎಮಿಷನ್ ಫ್ಯಾಕ್ಟರ್ ಹಚ್ಚುತ್ತಾರೆ, ಆ ಫ್ಯಾಕ್ಟರ್ ಹಲವು ವರ್ಷ ಹಳೆಯ ಬೆಲೆಗಳ ಮೇಲೆ ಕಟ್ಟಿದ್ದಾಗಿರುತ್ತದೆ. ಬೆಲೆಯೇರಿಕೆಯನ್ನು ಕಳೆಯದಿದ್ದರೆ, ಅದೇ ಸರಕನ್ನು ದುಬಾರಿಯಾಗಿ ಕೊಂಡ ಕಂಪನಿ ಹೆಚ್ಚು ಮಾಲಿನ್ಯ ಮಾಡಿದಂತೆ ಕಾಣುತ್ತದೆ. ಖರ್ಚು ಯಾವ ವರ್ಷದ್ದು, ಫ್ಯಾಕ್ಟರ್ ಯಾವ ವರ್ಷದ ಬೆಲೆಯದ್ದು, ಕರೆನ್ಸಿಯನ್ನು ಯಾವ ದಿನದ ದರದಲ್ಲಿ ಬದಲಾಯಿಸಿದ್ದೀರಿ ಎಂದು ಕೇಳುತ್ತಾ ಬರುವವರನ್ನು ನಾವು ನೇರವಾಗಿ ಪರಿಶೀಲನಾ ತಂಡದ ಜೊತೆ ಕೂರಿಸುತ್ತೇವೆ.