ವೆಂಬ್ಲಿ ಜಾಹೀರಾತಿನ ಇಸವಿ ಹುಡುಕಿದ್ದು

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ಮೇಲೆ ಹತ್ತಿದ ಚಟ ಇದು. ಹಳೇ ಸಂಗೀತ ವಾರಪತ್ರಿಕೆಗಳಲ್ಲಿ ಬಂದ ರಾಕ್ ಶೋಗಳ ಜಾಹೀರಾತು ಸೇರಿಸುತ್ತೇನೆ. ಎಲ್ಲವೂ ಬೇಡ, ಗ್ಲ್ಯಾಮ್ ರಾಕ್, ಅಂದ್ರೆ ಮಿನುಗು ಬಟ್ಟೆ, ಮೇಕಪ್ ಹಾಕಿಕೊಂಡು ಹಾಡುವ ರಾಕ್‌ನ ಕಾಲದವು ಸಾಕು. ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಮುಖಕ್ಕೆ ಮಿನುಗು ಹಚ್ಚಿಕೊಂಡು ಟಿವಿಯಲ್ಲಿ ಹಾಡಿದ್ದು 1971ರಲ್ಲಿ. ಅಲ್ಲಿಂದ ಮೂರ್ನಾಲ್ಕು ವರ್ಷ ಇದರದ್ದೇ ಅಬ್ಬರ. 1973ರ ಮೇ 12ಕ್ಕೆ ಡೇವಿಡ್ ಬೋವಿ, ಜುಲೈ 1ಕ್ಕೆ ಸ್ಲೇಡ್ ತಂಡ, ಇಬ್ಬರೂ ಲಂಡನ್ನಿನ ದೊಡ್ಡ ಸಭಾಂಗಣ ಅರ್ಲ್ಸ್ ಕೋರ್ಟ್‌ನಲ್ಲಿ ಹಾಡಿದರು. ಅದಕ್ಕೂ ಮೊದಲೇ ಬೋಲನ್ ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ಒಂದೇ ದಿನ ಎರಡು ಶೋ ಕೊಟ್ಟಿದ್ದ. ಈ ಮೂರರಲ್ಲಿ ಯಾವುದರ ಜಾಹೀರಾತು ಕಣ್ಣಿಗೆ ಬಿದ್ದರೂ ನಾನು ಸುಮ್ನೆ ಮುಂದೆ ಹೋಗಲ್ಲ.

ತೊಂದರೆ ಏನಂದ್ರೆ, ಇಂಥ ಜಾಹೀರಾತಿನಲ್ಲಿ ವಾರ, ತಾರೀಕು ಇರುತ್ತದೆ, ಇಸವಿ ಇರಲ್ಲ. ಮುಂದಿನ ತಿಂಗಳ ಶೋಗೆ ಇಸವಿ ಯಾಕೆ ಹಾಕುತ್ತಾರೆ? ನಮ್ಮ ಹಳೇ ಸಿನಿಮಾ ಜಾಹೀರಾತುಗಳಲ್ಲಿ ‘ಇಂದಿನಿಂದ’ ಅಂತ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಟಾಕೀಸುಗಳ ಪಟ್ಟಿ ಕೊಟ್ಟು ಮುಗಿಸುತ್ತಿದ್ದರಲ್ಲ, ಹಾಗೇ. ಪೇಪರಿನಿಂದ ಕತ್ತರಿಸಿದ ಮೇಲೆ ಅದು ಯಾವ ವರ್ಷದ ‘ಇಂದು’ ಅಂತ ಯಾರಿಗೂ ಗೊತ್ತಾಗಲ್ಲ.

ನನ್ನ ಹತ್ತಿರ ಇರುವ ವೆಂಬ್ಲಿ ಹಾಳೆಯನ್ನೇ ತಗೊಳ್ಳಿ. ಶನಿವಾರ, ಮಾರ್ಚ್ 18, ಎಂಪೈರ್ ಪೂಲ್. ಅಷ್ಟೇ. ಮಾರ್ಚ್ 18 ಶನಿವಾರ ಬಂದದ್ದು 1967, 1972 ಮತ್ತು 1978ರಲ್ಲಿ. 1967ರ ಮಾರ್ಚ್‌ನಲ್ಲಿ ಟಿ. ರೆಕ್ಸ್ ಅನ್ನೋ ಹೆಸರೇ ಇರಲಿಲ್ಲ. ಆ ವರ್ಷ ಶುರುವಾದದ್ದು ಟಿರಾನೊಸಾರಸ್ ರೆಕ್ಸ್, ಹೆಸರು ಗಿಡ್ಡವಾದದ್ದು 1970ರಲ್ಲಿ. 1978ಕ್ಕೆ ಬೋಲನ್ನೇ ಇಲ್ಲ. ಹಿಂದಿನ ಸೆಪ್ಟೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ. ಇನ್ನೊಂದು ಸಾಕ್ಷಿ ಕಟ್ಟಡದ ಹೆಸರಿನದು. 1934ರಲ್ಲಿ ಈಜು ಸ್ಪರ್ಧೆಗೆಂದು ಕಟ್ಟಿದ್ದ ಎಂಪೈರ್ ಪೂಲ್, 1978ರಲ್ಲಿ ವೆಂಬ್ಲಿ ಅರೀನಾ ಆಯ್ತು. ಹಾಗಾಗಿ ಉಳಿದದ್ದು 1972 ಒಂದೇ. ಟಿಕೆಟ್ ದರವೂ ಇಂಥ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ 1971ರ ಫೆಬ್ರವರಿ 15ಕ್ಕೆ ಶಿಲ್ಲಿಂಗ್ ಲೆಕ್ಕ ಹೋಗಿ, ಪೌಂಡಿಗೆ ನೂರು ಹೊಸ ಪೆನ್ಸ್ ಬಂತು. ದರ ಶಿಲ್ಲಿಂಗ್‌ನಲ್ಲಿ ಮಾತ್ರ ಇದ್ದರೆ ಅದು ಗ್ಲ್ಯಾಮ್ ಕಾಲದ್ದಲ್ಲ ಅಂತ ಪಕ್ಕಕ್ಕಿಡುತ್ತೇನೆ.

ಆ ಮಾರ್ಚ್ 18ರ ಶೋವನ್ನು ಬೀಟಲ್ಸ್‌ನ ರಿಂಗೋ ಸ್ಟಾರ್ ಸಿನಿಮಾ ಮಾಡಲು ಚಿತ್ರೀಕರಿಸಿದ್ದ. ಅದಕ್ಕೇ ಜನ ಇದನ್ನು ಮರೆತಿಲ್ಲ. ನಕಲಿ ಹಾಳೆಗಳೂ ಓಡಾಡುವುದು ಅದಕ್ಕೇ. ನಾನು ಮೊದಲು ನೋಡುವುದು ಹಾಳೆಯ ಹಿಂಬದಿ. ಅಸಲಿ ಪತ್ರಿಕೆಯ ಹಾಳೆ ಅಂದ ಮೇಲೆ ಹಿಂದೆ ಏನಾದರೂ ಅಚ್ಚಾಗಿರಲೇಬೇಕು ಅಲ್ವಾ? ರೆಕಾರ್ಡ್ ವಿಮರ್ಶೆ, ಓದುಗರ ಪತ್ರ, ಆ ವಾರದ ಹಾಡುಗಳ ಪಟ್ಟಿ, ಏನೋ ಒಂದು. ಹಾಡುಗಳ ಪಟ್ಟಿ ಸಿಕ್ಕರಂತೂ ಅದೃಷ್ಟ. ಯಾವ ವಾರದ ಸಂಚಿಕೆ ಅಂತಲೇ ಹೇಳಿಬಿಡಬಹುದು. ‘ಮೆಲೋಡಿ ಮೇಕರ್’ ಅನ್ನೋ ಸಂಗೀತ ವಾರಪತ್ರಿಕೆಯ ಹಾಳೆಯಾದರೆ ಹಿಂದೆ ವರ್ಗೀಕೃತ ಜಾಹೀರಾತುಗಳು ಬರುವುದುಂಟು. ತಂಡಕ್ಕೆ ಡ್ರಮ್ಮರ್ ಬೇಕು, ಸ್ವಂತ ವ್ಯಾನ್ ಇದ್ದರೆ ಒಳ್ಳೆಯದು, ಇಂಥವು. ನಿಜ ಹೇಳಬೇಕಂದ್ರೆ ಮುಂದಿನ ಬೋಲನ್ ಫೋಟೋಗಿಂತ ನನಗೆ ಇವೇ ಇಷ್ಟ.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ. ಅಸಲಿಯಲ್ಲಿ ಫೋಟೋ ಮಾತ್ರ ಚುಕ್ಕೆಚುಕ್ಕೆಯಾಗಿ, ಸಾಲು ಹಿಡಿದಂತೆ ಕಾಣುತ್ತದೆ. ಅಕ್ಷರಗಳು ಗಟ್ಟಿ ಕಪ್ಪು. ಸ್ಕ್ಯಾನ್ ಮಾಡಿ ಮನೆ ಪ್ರಿಂಟರಿನಲ್ಲಿ ತೆಗೆದದ್ದಾದರೆ ಅಕ್ಷರದ ಅಂಚೂ ಪುಡಿಪುಡಿ, ಶಾಯಿ ಎರಚಿದ ಹಾಗಿರುತ್ತದೆ. ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಬಿಟ್ಟೂ ನೋಡುತ್ತೇನೆ. ಈಗಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಹಳೇ ನ್ಯೂಸ್‌ಪ್ರಿಂಟ್ ಮಂಕಾಗೇ ಇರುತ್ತದೆ. ಇದೊಂದನ್ನೇ ನಂಬಬಾರದು, ಆದರೆ ಅನುಮಾನ ಇದ್ದಾಗ ಕೈ ಹಿಡಿಯುತ್ತದೆ.

ಇಟ್ಟುಕೊಳ್ಳುವುದು ಇನ್ನೊಂದು ಕಥೆ. ನ್ಯೂಸ್‌ಪ್ರಿಂಟ್‌ನಲ್ಲಿ ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಅನ್ನೋ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಹಳದಿಯಾಗುತ್ತದೆ. ಜೊತೆಗೆ ಕಾಗದದೊಳಗೆ ಆಮ್ಲ ಹೆಚ್ಚಿ, ಕೊನೆಗೆ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ಸೆಲ್ಲೋಟೇಪ್ ಅಂತೂ ದೊಡ್ಡ ಶತ್ರು. ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಕ್ಕೇ ಇಳಿಯುತ್ತದೆ. ಹರಿದ ಜಾಗವನ್ನು ನಾನು ಹಾಗೇ ಬಿಡುತ್ತೇನೆ. ಲ್ಯಾಮಿನೇಷನ್ ಮಾತೇ ಇಲ್ಲ. ಹಾಳೆ ಪಾಲಿಯೆಸ್ಟರ್ ಕವರಿನೊಳಗೆ, ಹಿಂದೆ ಆಮ್ಲರಹಿತ ರಟ್ಟು, ಮಲಗಿಸಿ ಕತ್ತಲೆಯ ಡ್ರಾಯರಿನಲ್ಲಿ. ಪಿವಿಸಿ ಕವರ್ ಅಗ್ಗ, ಆದರೆ ಬರಬರುತ್ತಾ ಅಂಟಂಟಾಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ.

ಗೋಡೆಗೆ ಹಾಕುವುದು ಸ್ಕ್ಯಾನ್ ಪ್ರತಿಯನ್ನು ಮಾತ್ರ. ಸ್ಕ್ಯಾನ್ ಮಾಡುವಾಗ ಹಾಳೆಯ ಹಿಂದೆ ಕಪ್ಪು ಕಾಗದ ಇಡಬೇಕು. ಬಿಳಿ ಇಟ್ಟರೆ ಹಿಂಬದಿಯ ಅಕ್ಷರ ಬೋಲನ್‌ನ ಗುಂಗುರು ಕೂದಲೊಳಗೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತದೆ. 600 ಡಿಪಿಐ ಇಟ್ಟು, ಶಾರ್ಪ್ ಮಾಡುವ ಆಯ್ಕೆ ಆಫ್ ಮಾಡುತ್ತೇನೆ. ಕಡಿಮೆ ಇಟ್ಟರೆ ಚುಕ್ಕೆಗಳೆಲ್ಲ ಸೇರಿ ಅಲೆಅಲೆಯಾಗಿ ಕಾಣುತ್ತವೆ. ಇಡೀ ಪುಟ ಎ4 ಸ್ಕ್ಯಾನರಿಗೆ ಹಿಡಿಸಲ್ಲ. ತುಂಡುತುಂಡಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬೇಕು.

ಈಗೀಗ ಮಾರುವವರು ಇಡೀ ಸಂಚಿಕೆಯನ್ನು ಬಿಚ್ಚಿ, ಜಾಹೀರಾತು ಒಂದೊಂದನ್ನೇ ಕತ್ತರಿಸಿ ಮಾರುತ್ತಾರೆ. ಲಾಭ ಅದರಲ್ಲೇ ಜಾಸ್ತಿ. ನನಗೆ ಮಾತ್ರ ಇದು ಸರಿ ಕಾಣಲ್ಲ, ಸಾಧ್ಯವಾದಷ್ಟೂ ಪೂರ್ತಿ ಸಂಚಿಕೆಯನ್ನೇ ಕೊಳ್ಳುತ್ತೇನೆ. ಗ್ಲಾಸಿನ ಫ್ರೇಮ್ ಹಾಕಿ, ಹಿಂದೆ ರಟ್ಟು ಅಂಟಿಸಿ ಕೊಡುವವರ ಹತ್ತಿರವಂತೂ ಏನನ್ನೂ ಕೊಳ್ಳಲ್ಲ. ಹಿಂಬದಿ ತೋರಿಸಿ ಅಂದರೆ, ಫ್ರೇಮ್ ಬಿಚ್ಚಿದರೆ ಹಾಳಾಗುತ್ತೆ ಸಾರ್ ಅನ್ನುತ್ತಾರೆ.