‘ಕ್ವೈಟ್’ ಎದುರಾದಾಗ ನಾನು ಮಾಡುವುದು

ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಪಾರಿಭಾಷಿಕ ಪದಗಳು ಬಂದರೆ ಹೆದರುವುದಿಲ್ಲ. ನಿಘಂಟಿದೆ, ಕೇಳಲು ತಿಳಿದವರಿದ್ದಾರೆ. ‘ಕ್ವೈಟ್’ (quite) ಬಂದಾಗ ಮಾತ್ರ ಕೈ ನಿಲ್ಲುತ್ತದೆ. ನಿಘಂಟು ಅದಕ್ಕೆ ‘ಸಂಪೂರ್ಣವಾಗಿ’ ಎಂಬ ಅರ್ಥವನ್ನೂ ಕೊಡುತ್ತದೆ, ‘ತಕ್ಕಮಟ್ಟಿಗೆ’ ಎಂಬುದನ್ನೂ ಕೊಡುತ್ತದೆ. ಎರಡೂ ಸರಿ!

ನಾನು ಮೊದಲು ಪಕ್ಕದ ಗುಣವಾಚಕವನ್ನು ನೋಡುತ್ತೇನೆ. ಅದನ್ನು ಕನ್ನಡದಲ್ಲಿ ಹೇಳಿ, ಹಿಂದೆ ‘ಬಹಳ’ ಸೇರಿಸಿ ಓದಿಕೊಳ್ಳುತ್ತೇನೆ. ‘ಬಹಳ ದೊಡ್ಡದು’ ಎಂದರೆ ಕಿವಿ ಒಪ್ಪುತ್ತದೆ. ‘ಬಹಳ ಅಸಾಧ್ಯ’ ಎಂದರೆ ಮುಗ್ಗರಿಸುತ್ತದೆ. ಮುಗ್ಗರಿಸಿದಲ್ಲಿ ‘ಕ್ವೈಟ್’ ಎಂದರೆ ಪೂರ್ತಿ ಎಂದೇ ಲೆಕ್ಕ: ‘ಕ್ವೈಟ್ ಇಂಪಾಸಿಬಲ್’ ಎಂಬುದು ‘ಸಾಧ್ಯವೇ ಇಲ್ಲ’. ಒಂದು ‘ಏ’ಕಾರ ಸಾಕು, ಬೇರೆ ಪದವೇ ಬೇಡ. ‘ಕ್ವೈಟ್ ಡಿಫರೆಂಟ್’ ಕೂಡ ಸಾಮಾನ್ಯವಾಗಿ ಇದೇ ಗುಂಪಿನದು. ‘ತೀರಾ ಬೇರೆ’ ಎನ್ನುತ್ತೇನೆ. ಲ್ಯಾಟಿನ್ನಿನ ‘ಕ್ವೀಯೇಟಸ್’ ಮೂಲದಿಂದ ಫ್ರೆಂಚ್ ದಾರಿಯಾಗಿ ಬಂದ ಈ ಪದಕ್ಕೆ ಇಂಗ್ಲಿಷಿನಲ್ಲಿ ಹಳೆಯ ಅರ್ಥವೂ ‘ಪೂರ್ತಿ’ ಎಂಬುದೇ. ‘ಕ್ವಯಟ್’ (quiet), ಅಂದರೆ ಸದ್ದಿಲ್ಲದ್ದು, ಇದರ ದಾಯಾದಿ. ಕರಡು ತಿದ್ದುವಾಗ ಇವೆರಡರ ಕಾಗುಣಿತ ಅದಲುಬದಲಾಗಿ ಸಿಗುವುದೂ ಉಂಟು.

ಕಷ್ಟ ಇರುವುದು ‘ಕ್ವೈಟ್ ಗುಡ್’ನಂಥ ಕಡೆ. ಬರೆದವರು ಅಮೆರಿಕದವರಾದರೆ ಅದು ಹೆಚ್ಚಾಗಿ ನಿಜವಾದ ಮೆಚ್ಚುಗೆ: ‘ಬಹಳ ಚೆನ್ನಾಗಿದೆ’. ಬ್ರಿಟಿಷರಾದರೆ ಅದು ‘ಪರವಾಗಿಲ್ಲ’ ಎಂಬಷ್ಟೇ ಇರಬಹುದು. ಅವರ ಮಾತಿನಲ್ಲಿ ಒತ್ತು ‘ಕ್ವೈಟ್’ ಮೇಲೆ ಬಿದ್ದರೆ ಹೊಗಳಿಕೆ ಇಳಿಯುತ್ತದೆ, ‘ಗುಡ್’ ಮೇಲೆ ಬಿದ್ದರೆ ಏರುತ್ತದೆ. ಅಚ್ಚಿನಲ್ಲಿ ಒತ್ತು ಕಾಣದು. ಹಾಗಾಗಿ ಮುಂದಿನ ವಾಕ್ಯವನ್ನು ಓದದೆ ನಾನು ಬರೆಯುವುದಿಲ್ಲ. ಪುಸ್ತಕ ವಿಮರ್ಶೆಯಲ್ಲಿ ‘ಕ್ವೈಟ್ ಗುಡ್’ ಆದ ಮೇಲೆ ‘ಆದರೆ’ ಬಂದರೆ, ವಿಮರ್ಶಕರು ಲೇಖಕರ ಬೆನ್ನು ತಟ್ಟಿ ಬಾಗಿಲು ತೋರಿಸುತ್ತಿದ್ದಾರೆ ಎಂದರ್ಥ.

ಹಲವರು ಎಲ್ಲದಕ್ಕೂ ‘ಸಾಕಷ್ಟು’ ಬಳಸಿ ಪಾರಾಗುತ್ತಾರೆ. ನನಗದು ಇಷ್ಟವಿಲ್ಲ. ‘ಸಾಕಷ್ಟು ಹಣವಿದೆ’ ಎಂದರೆ ಬೇಕಾದಷ್ಟಿದೆಯೋ, ಹೇರಳವಾಗಿದೆಯೋ? ಮೂಲದಲ್ಲೇ ಲೇಖಕರು ಜಾರಿಕೊಂಡಿದ್ದರೆ ಮಾತ್ರ ನಾನೂ ಅದನ್ನು ಇಟ್ಟು ಜಾರಿಕೊಳ್ಳುತ್ತೇನೆ.

‘ಕ್ವೈಟ್ ಎ ಫ್ಯೂ’ ಎಂಬುದರಲ್ಲಿ ‘ಫ್ಯೂ’ ಇದ್ದರೂ ಅದು ‘ಕೆಲವೇ’ ಅಲ್ಲ, ‘ಬಹಳಷ್ಟು’. ‘ನಾಟ್ ಕ್ವೈಟ್ ರೆಡಿ’ಗೆ ‘ಸಿದ್ಧವಾಗಿಲ್ಲ’ ಎಂದರೆ ಅನ್ಯಾಯ. ‘ಇನ್ನು ಸ್ವಲ್ಪ ಬಾಕಿಯಿದೆ’ ಎಂದರೆ ಸರಿಹೋಗುತ್ತದೆ. ಇನ್ನು ಸಂಭಾಷಣೆಯಲ್ಲಿ ಬ್ರಿಟಿಷ್ ಪಾತ್ರವೊಂದು ಬರೀ ‘ಕ್ವೈಟ್’ ಎಂದು ಉತ್ತರಿಸಿ ಸುಮ್ಮನಾದರೆ, ‘ಅದೇ ಮತ್ತೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇನೆ.